ಹಸಿರು ಕಾಣದವನ ಪಾಚಿ ಲೆಕ್ಕ

ಜಲಾಶಯದ ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಸಿಗದಷ್ಟು ಸಣ್ಣ ಪಾಚಿಗಳನ್ನು ಎಣಿಸುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದೆ. ಸುರಪುರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುತ್ತೇನೆ. ಮನೆ ಶಹಾಪುರದಲ್ಲಿ. ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಹೆಸರು ಹಚ್ಚಿದೆ. ಯಾವ ಕಾಲಕ್ಕೆ ಯಾವ ಪಾಚಿ ಹೆಚ್ಚುತ್ತದೆ, ಯಾವುದು ಕುಗ್ಗುತ್ತದೆ, ಒಂದು ಸರಿದರೆ ಅದರ ಜಾಗಕ್ಕೆ ಇನ್ನೊಂದು ಹೇಗೆ ಬರುತ್ತದೆ ಎಂಬುದು ನನ್ನ ವಿಷಯ. ಇಷ್ಟು ಹೇಳಿದರೆ ಕೇಳಿದವರು ಗೌರವದಿಂದ ತಲೆಯಾಡಿಸುತ್ತಾರೆ. ಮುಂದಿನ ಮಾತು ಹೇಳುವಾಗ ಇವತ್ತಿಗೂ ನಾಲಗೆ ತೊಡರುತ್ತದೆ. ನನಗೆ ಹಸಿರು ಬಣ್ಣ ಕಾಣುವುದಿಲ್ಲ.

ಹಸಿರು ಇದ್ದ ಕಡೆ ಕಪ್ಪು ಕಾಣುತ್ತದೆಂದು ಕೆಲವರು ತಿಳಿಯುತ್ತಾರೆ. ಹಾಗೇನಿಲ್ಲ. ಬೇವಿನ ಎಲೆಯೂ ಕಾಣುತ್ತದೆ, ಅದರ ಬುಡದ ಮಣ್ಣೂ ಕಾಣುತ್ತದೆ. ಎರಡೂ ನನಗೆ ಒಂದೇ ಕುಲದ ಬಣ್ಣ. ಒಂದು ತುಸು ಗಾಢ, ಇನ್ನೊಂದು ತುಸು ತಿಳಿ. ಚಿಕ್ಕವನಿದ್ದಾಗ ಯಾದಗಿರಿಯ ಶಾಲೆಯಲ್ಲಿ ಗಿಡದ ಚಿತ್ರಕ್ಕೆ ಕಂದು ಎಲೆ ಬಳಿದಿದ್ದೆ. ಮಾಸ್ತರರು ಹಾಳೆಯನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿದರು. ಎಲ್ಲರೂ ನಕ್ಕರು. ಅವತ್ತಿನಿಂದ ಬಣ್ಣದ ಕಡ್ಡಿಯ ಮೇಲೆ ಅಂಟಿಸಿದ ಹೆಸರನ್ನು ಓದಿಕೊಂಡೇ ಬಣ್ಣ ಹಚ್ಚತೊಡಗಿದೆ.

ನಮ್ಮಪ್ಪ ತೊಗರಿಬೇಳೆ ಗಿರಣಿಯಲ್ಲಿ ಗುಮಾಸ್ತ. ಮನೆ ಸ್ಟೇಷನ್ನಿಗೆ ಹತ್ತಿರ. ನಮ್ಮ ಓಣಿಯಲ್ಲಿ ರೈಲ್ವೆ ನೌಕರಿಗಿಂತ ದೊಡ್ಡದು ಯಾವುದೂ ಇರಲಿಲ್ಲ. ಬಿ.ಎಸ್ಸಿ. ಮುಗಿದ ವರ್ಷ ಇಂಜಿನ್ ಚಾಲಕನ ಸಹಾಯಕರ ಹುದ್ದೆಗೆ ಲಿಖಿತ ಪರೀಕ್ಷೆ ಪಾಸಾದೆ. ಅಪ್ಪ ಓಣಿಗೆಲ್ಲ ಪೇಡೆ ಹಂಚಿದ. ಆಮೇಲೆ ದೂರದ ಊರಿನ ರೈಲ್ವೆ ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆಗೆ ಡಾಕ್ಟರು ಒಂದು ಪುಸ್ತಕ ತೆರೆದಿಟ್ಟು, ಚುಕ್ಕೆಗಳ ನಡುವೆ ಯಾವ ಅಂಕಿ ಇದೆ ಎಂದು ಕೇಳಿದರು. ನನಗೆ ಚುಕ್ಕೆ ಕಂಡವು, ಅಂಕಿ ಕಾಣಲಿಲ್ಲ. ಊಹಿಸಿ ಒಂದು ಹೇಳಿದೆ. ಅವರು ಪುಟ ತಿರುವಿದರು. ಇನ್ನೊಂದು ಊಹಿಸಿದೆ. ಅವರು ಪುಸ್ತಕ ಮುಚ್ಚಿ ನನ್ನ ಹಿಂದಿದ್ದವನನ್ನು ಕರೆದರು.

ಊರಿಗೆ ಬಂದ ಮೇಲೆ ಅಪ್ಪ ಓಣಿಯವರಿಗೆಲ್ಲ, ಹುಡುಗನಿಗೆ ಆ ನೌಕರಿ ಮನಸ್ಸಿಗೆ ಬರಲಿಲ್ಲ ಎಂದು ಹೇಳಿಕೊಂಡು ತಿರುಗಿದ. ಅವ್ವ ನನ್ನನ್ನು ಅಡುಗೆಮನೆಗೆ ಕರೆದು, "ಇದನ್ನ ಯಾರ ಮುಂದೂ ಆಡಬ್ಯಾಡ," ಎಂದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು. ಅದನ್ನು ಆಗ ನಾನು ಗಮನಿಸಿದೆನೇ ಹೊರತು ಅರ್ಥ ಮಾಡಿಕೊಳ್ಳಲಿಲ್ಲ.

ನನ್ನ ಹೆಂಡತಿಗೆ ಗೊತ್ತಾದದ್ದು ಟೊಮ್ಯಾಟೊದಿಂದ. ಮದುವೆಯಾದ ಹೊಸದರಲ್ಲಿ ಸಂತೆಯಿಂದ ಬರೀ ಕಾಯಿ ತಂದೆ. ಮುಂದಿನ ವಾರವೂ ಕಾಯಿ. ಅವಳು ಎರಡು ಸಲ ನಕ್ಕಳು, ಆಮೇಲೆ ನಗುವುದು ಬಿಟ್ಟು ಕೇಳಿದಳು. ಹೇಳಿದೆ. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳು ಅಡಗಿಸಿದ್ದನ್ನು ಹೊರಗೆ ತೆಗೆಯುವುದೂ ಗೊತ್ತು, ತೆಗೆದ ಮೇಲೆ ದೊಡ್ಡದು ಮಾಡದೆ ಇರುವುದೂ ಗೊತ್ತು. ಅಂದಿನಿಂದ ಸಂತೆಗೆ ನನ್ನನ್ನು ಉಳ್ಳಾಗಡ್ಡಿ, ಆಲೂಗಡ್ಡೆಗೆ ಮಾತ್ರ ಕಳಿಸುತ್ತಾಳೆ.

ಇದರ ನಡುವೆ ನನ್ನ ಉದ್ಯೋಗದಲ್ಲಿ ಒಂದು ವಿಚಿತ್ರವಿತ್ತು. ತಾಯಿಯಿಂದ ಮಗನಿಗೆ ದಾಟುವ ಗುಣಗಳ ಪಾಠಕ್ಕೆ ಎಲ್ಲ ಪಠ್ಯಪುಸ್ತಕಗಳೂ ಕೊಡುವ ಉದಾಹರಣೆ ವರ್ಣಾಂಧತೆ. ಪ್ರತಿ ವರ್ಷ ಆ ಪಾಠವನ್ನು ನಾನೇ ಮಾಡಬೇಕು. ಹಲಗೆಯ ಮೇಲೆ ತಾಯಿ, ತಂದೆ, ಮಗ, ಮಗಳು ಎಂದು ಬರೆದು ಗೆರೆ ಎಳೆಯುತ್ತಿದ್ದೆ. ತಾಯಿಗೆ ಎಲ್ಲ ಬಣ್ಣವೂ ಕಾಣುತ್ತದೆ, ದೋಷ ಅವಳ ಮೂಲಕ ಹಾದು ಮಗನಲ್ಲಿ ಹೊರಬೀಳುತ್ತದೆ ಎಂದು ವಿವರಿಸುತ್ತಿದ್ದೆ. ಒಂದು ವರ್ಷ ಒಬ್ಬ ವಿದ್ಯಾರ್ಥಿನಿ, ಅಂಥವರು ನಮ್ಮ ಕಡೆಯೂ ಇರುತ್ತಾರೆಯೇ ಎಂದು ಕೇಳಿದಳು. ಇರಬಹುದು ಎಂದು ಹೇಳಿ ಹಲಗೆ ಒರೆಸಿದೆ.

ಹೀಗಿರುವವನು ಪಾಚಿಯನ್ನೇ ಯಾಕೆ ಹಿಡಿದೆ? ಅದಕ್ಕೆ ಕಾರಣ ಅಯೋಡಿನ್. ಜಲಾಶಯದಿಂದ ತಂದ ನೀರು ಕೆಡಬಾರದೆಂದು ಅದಕ್ಕೆ ಅಯೋಡಿನ್ ದ್ರಾವಣ ಹಾಕುತ್ತಾರೆ. ಹಾಕಿದ ಕೂಡಲೇ ಬಾಟಲಿಯಲ್ಲಿದ್ದದ್ದೆಲ್ಲ ಸತ್ತು, ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿ, ತಳಕ್ಕೆ ಕೂರುತ್ತದೆ. ಆ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾರಿಗೇ ಆಗಲಿ ಎಲ್ಲವೂ ಕಂದು. ಆಕಾರ ನೋಡಿಯೇ ಗುರುತಿಸಬೇಕು. ಜೀವಮಾನದಲ್ಲಿ ಮೊದಲ ಸಲ ನಾನು ಉಳಿದವರಿಗೆ ಸಮನಾಗಿ ಕುಳಿತದ್ದು ಆ ಬಾಟಲಿಗಳ ಮುಂದೆ. ಸಮನೇನು, ಒಂದು ಕೈ ಮೇಲೇ. ಬಣ್ಣ ನಂಬದೆ ಬೆಳೆದ ಕಣ್ಣು ಆಕಾರವನ್ನು ಬೇಗ ಹಿಡಿಯುತ್ತಿತ್ತು. ಮಾರ್ಗದರ್ಶಕರು ಹೊಗಳಿದರು. ಅವರಿಗೆ ನನ್ನ ಕಣ್ಣಿನ ಸಂಗತಿ ಹೇಳಿರಲಿಲ್ಲ.

ತಿಂಗಳಿಗೊಮ್ಮೆ ಕಕ್ಕೇರಾ ದಾಟಿ ಜಲಾಶಯದ ದಂಡೆಯ ಒಂದು ಹಳ್ಳಿಗೆ ಹೋಗುತ್ತಿದ್ದೆ. ಅಲ್ಲಿ ಮೀನು ಹಿಡಿಯುವ ಮುದುಕರೊಬ್ಬರು ತಮ್ಮ ಹರಿಗೋಲಿನಲ್ಲಿ ನನ್ನನ್ನು ನಡುನೀರಿಗೆ ಕರೆದೊಯ್ಯುತ್ತಿದ್ದರು. ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ಮಾತಿನ ಮನುಷ್ಯ. ಮಗಳ ಅತ್ತೆಮನೆಯವರ ಮೇಲಿನ ದೂರು ಹೇಳಲು ನಾನು ಸಿಕ್ಕಿದ್ದೇ ಅವರಿಗೆ ಸಮಾಧಾನ. ಆ ಮಾತಿನ ನಡುವೆ ನಾನು ಏನೂ ಅರಿಯದವನ ಹಾಗೆ, ಇವತ್ತು ನೀರು ಹೆಂಗ ಕಾಣತದ ಕಾಕಾ ಎಂದು ಕೇಳುತ್ತಿದ್ದೆ. ಹೆಸರುಬೇಳೆ ತೊಳೆದ ನೀರಿನ ಹಾಗೆ ಎಂದೋ, ರಾಡಿ ಎಂದೋ ಅವರು ಹೇಳುತ್ತಿದ್ದರು. ಅದನ್ನು ನನ್ನದೇ ಕಣ್ಣು ಕಂಡದ್ದು ಎಂಬಂತೆ ಬರೆದುಕೊಳ್ಳುತ್ತಿದ್ದೆ.

ನೀರಿನ ಒಳಗಿನ ಒಕ್ಕಲುತನ ನನಗೆ ಮೆಲ್ಲಗೆ ಅರ್ಥವಾಯಿತು. ಮಳೆಗಾಲದಲ್ಲಿ ನದಿ ಕೆಂಪು ಮಣ್ಣು ಹೊತ್ತು ಬರುತ್ತದೆ; ಬೆಳಕು ಒಳಗೆ ಇಳಿಯುವುದಿಲ್ಲ, ಗೇಟು ತೆರೆದರೆ ಇದ್ದಬದ್ದ ಪಾಚಿಯೂ ಕೊಚ್ಚಿಹೋಗುತ್ತದೆ. ದಸರಾ ಕಳೆದು ನೀರು ತಿಳಿಯಾದಾಗ ಗಾಜಿನಂಥ ಚಿಪ್ಪು ತೊಟ್ಟ ಪಾಚಿಗಳಾದ ಡಯಾಟಮ್‌ಗಳು ಹುಟ್ಟಿಕೊಳ್ಳುತ್ತವೆ, ಚಳಿಗಾಲವೆಲ್ಲ ಅವುಗಳದೇ ರಾಜ್ಯ. ಶಿವರಾತ್ರಿಯ ಹೊತ್ತಿಗೆ ಅವು ಇಳಿಮುಖವಾಗಿ ಹಸಿರು ಪಾಚಿಗಳು ಏರುತ್ತವೆ. ಬಿಸಿಲು ಬಲಿತು, ನೀರು ಇಳಿದು, ಗಾಳಿ ನಿಂತಾಗ ನೀಲಿ-ಹಸಿರು ಪಾಚಿಯ ಸರದಿ. ಅದರಲ್ಲಿ ಮೈಕ್ರೋಸಿಸ್ಟಿಸ್ ಎಂಬುದೊಂದಿದೆ. ಸೂಕ್ಷ್ಮದರ್ಶಕದಲ್ಲಿ ಅದು ಲೋಳೆಯೊಳಗೆ ಒತ್ತೊತ್ತಾಗಿ ಸಿಕ್ಕಿಕೊಂಡ ಗಸಗಸೆಯ ಹಾಗೆ ಕಾಣುತ್ತದೆ. ಅದು ತನ್ನೊಳಗೆ ಗಾಳಿ ತುಂಬಿಕೊಂಡು ಮೇಲಕ್ಕೆ ತೇಲಬಲ್ಲದು. ಮಿತಿ ಮೀರಿ ಬೆಳೆದರೆ ನೀರಿನ ಮೇಲೆ ಕೆನೆಗಟ್ಟುತ್ತದೆ, ಕೆಲವೊಮ್ಮೆ ವಿಷವನ್ನೂ ಬಿಡುತ್ತದೆ. ಅಂಥ ನೀರನ್ನು ಕುದಿಸಿದರೂ ವಿಷ ಹೋಗುವುದಿಲ್ಲ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಅದು ಕೆನೆಗಟ್ಟಿದ್ದನ್ನು ಮಾತ್ರ ನೋಡಿರಲಿಲ್ಲ.

ಆ ಬೇಸಿಗೆಯಲ್ಲಿ ನನ್ನ ಬಾಟಲಿಗಳಲ್ಲಿ ಈ ಗಸಗಸೆ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. ನಡುನೀರಿನಲ್ಲಿ ಇನ್ನೂ ಹೆದರುವಷ್ಟು ಇರಲಿಲ್ಲ. ಮುಂದಿನ ಸಲ ಹೋಗುವ ಮುಂಚಿನ ದಿನ ನದಿಯ ಮೇಲ್ಗಡೆ ಅಕಾಲದ ದೊಡ್ಡ ಮಳೆ ಬಿತ್ತು ಎಂದು ಸುದ್ದಿ ಬಂತು. ಹೊಸ ಮಣ್ಣು ಬಂದು ಲೆಕ್ಕವೆಲ್ಲ ಏರುಪೇರಾಗುತ್ತದೆ ಎಂದುಕೊಳ್ಳುತ್ತಲೇ ಬಸ್ಸಿನಲ್ಲಿ ಕುಳಿತೆ.

ಊರಲ್ಲಿ ಇಳಿದಾಗ ಕಾಕಾ ಇರಲಿಲ್ಲ. ಮಗಳ ಊರಿಗೆ ಪಂಚಾಯಿತಿಗೆ ಹೋಗಿದ್ದಾರೆ ಎಂದರು. ಬಾಟಲಿಯಲ್ಲಿ ದಂಡೆಯ ನೀರನ್ನಾದರೂ ತುಂಬಿಕೊಳ್ಳೋಣವೆಂದು ಜಲಾಶಯದ ಕಡೆ ನಡೆದೆ. ದಂಡೆಯ ಮೇಲೆ ಒಂದಷ್ಟು ಜನ ಕೊಡ ಹಿಡಿದು ನಿಂತಿದ್ದರು. ಬಹುತೇಕ ಹೆಂಗಸರು. ಊರಿನ ಕೊಳವೆಬಾವಿ ಬತ್ತಿದ್ದರಿಂದ ಅವರು ಕುಡಿಯಲೂ ಅದೇ ನೀರನ್ನು ಒಯ್ಯುತ್ತಿದ್ದರು. ನನ್ನನ್ನು ಕಂಡದ್ದೇ, ನೀರಿನ ಸರ್ ಬಂದರು ಎಂದು ದಾರಿ ಬಿಟ್ಟರು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ಮುಂದೆ ಬಂದಳು. ನನ್ನ ವಯಸ್ಸಿನವಳೇ. ನಿನ್ನೆಯಿಂದ ನೀರು ನಾರುತ್ತಿದೆ, ಬಣ್ಣವೂ ತಿರುಗಿದೆ, ಇದನ್ನು ಮಕ್ಕಳಿಗೆ ಕುಡಿಸಬಹುದೋ ಬೇಡವೋ ಹೇಳಿ ಎಂದಳು.

ನಾನು ನೀರಿನ ಕಡೆ ನೋಡಿದೆ. ಗಾಳಿ ದಂಡೆಯ ಕಡೆಗೇ ಬೀಸುತ್ತಿತ್ತು. ನೀರಿನ ಅಂಚಿನಲ್ಲಿ ದಪ್ಪ ರಾಡಿ ಬಂದು ನಿಂತಿತ್ತು. ಅದರ ಬಣ್ಣ ದಂಡೆಯ ಮಣ್ಣಿನ ಬಣ್ಣವೇ. ನಾರುತ್ತಿದ್ದದ್ದು ನಿಜ, ನೀರು ಇಳಿದಾಗ ಕೆಸರು ನಾರುವುದೇ ಅಲ್ಲವೇ ಎಂದುಕೊಂಡೆ. ಅಷ್ಟು ಜನ ಬಾಯಿ ನೋಡುತ್ತ ನಿಂತಿದ್ದರು. ನನಗೆ ಅದು ಹಿತವಾಗಿತ್ತು ಎಂಬುದನ್ನೂ ಹೇಳಿಬಿಡಬೇಕು. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಇದು ಹೊಸ ಮಳೆಯ ಮಣ್ಣು, ಹೆದರುವಂಥದ್ದೇನಿಲ್ಲ. ಪಟಿಕ ಆಡಿಸಿ, ತಿಳಿಯಾದ ಮೇಲೆ ಅರಿವೆಯಲ್ಲಿ ಸೋಸಿ, ಕುದಿಸಿ ಕುಡಿಯಿರಿ ಎಂದೆ.

ಆ ಹೆಂಗಸು ನನ್ನನ್ನೇ ನೋಡಿದಳು.

"ಮಣ್ಣು ಹಸರು ಇರ್ತದೇನ್ರಿ ಸರ್?" ಎಂದು ಕೇಳಿದಳು.

ಅವಳು ತಮಾಷೆ ಮಾಡುತ್ತಿದ್ದಾಳೆ ಅನಿಸಿತು. ತಪ್ಪಿದೆನೇನೋ ಎಂಬ ಅಳುಕೂ ಬಂತು. ಆಗಲೇ ಬಾಯಿ ಮುಚ್ಚಬಹುದಿತ್ತು. ನಾನು ಮುಚ್ಚಲಿಲ್ಲ. ಪ್ಯಾಂಟು ಮಡಚಿ ನೀರಿಗೆ ಇಳಿದು, ಬೊಗಸೆ ತುಂಬ ಎತ್ತಿ ಎಲ್ಲರ ಮುಂದೆ ಹಿಡಿದೆ. "ನೋಡ್ರಿ, ನೀವೇ ನೋಡ್ರಿ, ಮಣ್ಣು ಅಲ್ಲದ ಇದು ಮತ್ತೇನು?" ಎಂದೆ. ಬೊಗಸೆಯಿಂದ ದಪ್ಪಗೆ ಸೋರುತ್ತಿತ್ತು. ಜನ ನನ್ನ ಕೈಯನ್ನು ನೋಡಿದರು, ಆಮೇಲೆ ಮುಖವನ್ನು ನೋಡಿದರು. ಹಿಂದಿನಿಂದ ಯಾರೋ ನಕ್ಕರು. ಒಬ್ಬ ಗಂಡಸು ಪಕ್ಕದವನಿಗೆ, ಮ್ಯಾಲಿನವರು ಹೇಳಿಕೊಟ್ಟು ಕಳಿಸಿದ್ದಾರೆ, ನೀರು ಕೆಟ್ಟಿದೆ ಅಂದರೆ ಟ್ಯಾಂಕರ್ ಕಳಿಸಬೇಕಾಗುತ್ತದಲ್ಲ ಎಂದು ನನಗೆ ಕೇಳುವ ಹಾಗೆಯೇ ಹೇಳಿದ. ಒಬ್ಬ ಮುದುಕಿ ಮಾತ್ರ, ಓದಿದವರು ಹೇಳ್ತಾರ ಅಂದ ಮೇಲೆ ಇದ್ದೀತು ಎಂದು ಕೊಡ ಮುಳುಗಿಸಿದಳು. ಉಳಿದವರು ಕೊಡ ತಿರುಗಿಸಿಕೊಂಡು ಹೊರಟರು.

ಬಾಟಲಿ ತುಂಬಿಕೊಂಡು ಬಸ್ಸು ಹತ್ತಿದೆ. ಚೀಟಿ ಕೊಡುವಾಗ ಕಂಡಕ್ಟರ್ ನನ್ನ ಕೈ ನೋಡಿ ಸ್ವಲ್ಪ ಹಿಂದೆ ಸರಿದ. ಯಾಕೆಂದು ತಿಳಿಯಲಿಲ್ಲ. ಆ ಹೆಂಗಸಿನ ಪ್ರಶ್ನೆ ದಾರಿಯುದ್ದಕ್ಕೂ ಕಿವಿಯಲ್ಲಿತ್ತು. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಣಗಿದ ಕೆಸರಲ್ಲದೆ ನನಗೆ ಬೇರೆ ಏನೂ ಕಾಣಲಿಲ್ಲ.

ಮನೆಯ ಬಾಗಿಲು ತೆರೆದ ಹೆಂಡತಿ ಚೀಲ ಇಸಿದುಕೊಳ್ಳಲು ಕೈ ಚಾಚಿ, ಅಲ್ಲೇ ನಿಂತಳು.

"ಕೈ ಯಾಕ ಹಿಂಗ ಹಸರಾಗ್ಯಾವ್ರಿ? ಯಾರರ ಬಣ್ಣ ಹಾಕಿದ್ರೇನು?"

ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಆ ಕ್ಷಣದ ನಾಚಿಕೆಯನ್ನು ಬರೆಯಲು ನನಗೆ ಬರುವುದಿಲ್ಲ. ಊರಿನವರ ಮುಂದೆ ಹಸಿರು ಬೊಗಸೆ ಎತ್ತಿ ಹಿಡಿದು ಮಣ್ಣು, ಮಣ್ಣು ಎಂದು ಕೂಗಿದ ನನ್ನ ಚಿತ್ರ ಅವರ ಕಣ್ಣಿಂದಲೇ ನನಗೆ ಕಂಡಿತು. ಸಾಬೂನು ಹಚ್ಚಿ ಕೈ ತೊಳೆದೆ, ಹೋಯಿತೋ ಇಲ್ಲವೋ ಎಂದು ಅವಳನ್ನೇ ಕೇಳಬೇಕಾಯಿತು. ಇನ್ನೂ ಉಗುರಿನ ಸಂದಿಯಲ್ಲಿ ಅದ ಎಂದು ಅವಳೇ ಉಜ್ಜಿ ತೊಳೆದಳು. ಆಗ ನೆನಪಾಯಿತು, ಕೊಡ ಮುಳುಗಿಸಿದ ಆ ಮುದುಕಿ.

ಮರುದಿನ ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಮುಂಚೆಯೇ ಹೋಗಿ ಪ್ರಯೋಗಾಲಯದ ಬಾಗಿಲು ತೆಗೆಸಿದೆ. ಬಾಟಲಿಯ ಒಂದು ಹನಿ ಇಟ್ಟು ನೋಡಿದರೆ ಗಾಜಿನ ತುಂಬ ಗಸಗಸೆ. ಎಣಿಸಲು ಜಾಗವೇ ಇರಲಿಲ್ಲ. ನಡುನೀರಿನಲ್ಲಿ ಚೆದುರಿದ್ದದ್ದು ಮೇಲಕ್ಕೆ ತೇಲಿ, ಗಾಳಿಗೆ ತಳ್ಳಿಸಿಕೊಂಡು, ಆ ಹಳ್ಳಿಯ ದಂಡೆಗೆ ಬಂದು ಕೂಡಿತ್ತು. ಮಳೆಯ ಮಣ್ಣು ಇನ್ನೂ ಅಲ್ಲಿಗೆ ಮುಟ್ಟಿಯೇ ಇರಲಿಲ್ಲ. ಅಲ್ಲಿಯ ಪಂಚಾಯಿತಿ ಕಚೇರಿಗೆ ಫೋನು ಮಾಡಿದೆ. ಎತ್ತಿದವರು ನನ್ನ ಹೆಸರು ಕೇಳಿದ್ದೇ, ನಿನ್ನೆ ಒಂದು, ಇವತ್ತು ಒಂದು ಹೇಳುತ್ತೀರಲ್ಲ ಎಂದು ಫೋನು ಇಟ್ಟರು. ನಾನೇ ಹೋಗಿ ಹೇಳದೆ ದಾರಿಯಿರಲಿಲ್ಲ.

ಹೆಂಡತಿಗೆ ಫೋನು ಮಾಡಿದೆ. ಬೇಸಿಗೆ ರಜೆ, ತಾನೂ ಬರುತ್ತೇನೆ, ಮನೆಗೆ ಬನ್ನಿ, ಸ್ಕೂಟರ್ ತೆಗೆದುಕೊಂಡು ಹೋಗೋಣ ಎಂದಳು. ನಾನು ಮನೆ ಮುಟ್ಟುವ ಹೊತ್ತಿಗೆ ಅವ್ವನಿಗೂ ಎಲ್ಲ ತಿಳಿದಿತ್ತು. ಅಪ್ಪ ತೀರಿಕೊಂಡ ಮೇಲೆ ಅವಳು ನಮ್ಮ ಜತೆಗೇ ಇದ್ದಾಳೆ. ಬಾಗಿಲಿಗೆ ಅಡ್ಡ ನಿಂತಿದ್ದಳು.

"ನೀರು ಕುಡಿಬ್ಯಾಡ್ರಿ ಅಂತ ಹೇಳಿ ಬಾ, ಬ್ಯಾಡನ್ನಂಗಿಲ್ಲ," ಎಂದಳು. "ಕಣ್ಣಿಂದು ಆಡಬ್ಯಾಡ. ಚಷ್ಮಾ ಮರತು ಹೋಗಿದ್ದೆ ಅನ್ನು. ನಿನಗೂ ಮಗಳಿದ್ದಾಳ."

ನನ್ನ ಮಗಳಿಗೆ ಎಲ್ಲ ಬಣ್ಣವೂ ಕಾಣುತ್ತದೆ. ಆದರೆ ಅವಳಿಗೆ ಮಗ ಹುಟ್ಟಿದರೆ ಏನಾಗಬಹುದು ಎಂಬುದನ್ನು ನಾನು ಹಲಗೆಯ ಮೇಲೆ ಎಷ್ಟೋ ಸಲ ಬರೆದವನು. ಅವ್ವನಿಗೆ ಅದು ಹೇಗೆ ಗೊತ್ತು ಎಂದು ಕೇಳಲು ಆಗ ಹೊತ್ತಿರಲಿಲ್ಲ.

ಆ ಊರಿಗೆ ಹೋದಾಗ ಬಿಸಿಲು ಏರಿತ್ತು. ಅಂಗನವಾಡಿಯ ಮುಂದೆ ಆ ಹೆಂಗಸು ಅಕ್ಕಿ ಆರಿಸುತ್ತ ಕುಳಿತಿದ್ದಳು. ನಿನ್ನೆ ಹೇಳಿದ್ದು ತಪ್ಪು, ಆ ನೀರಿನಲ್ಲಿ ವಿಷವಿರಬಹುದು, ಕುಡಿಯಬೇಡಿ, ಕುದಿಸಿದರೂ ಬೇಡ, ದನಗಳಿಗೂ ಕುಡಿಸಬೇಡಿ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಅಕ್ಕಿಯ ಮೊರ ಪಕ್ಕಕ್ಕಿಟ್ಟಳು. ತಾನು ನಿನ್ನೆಯಿಂದಲೇ ಹೊಲದ ಬಾವಿಯಿಂದ ನೀರು ತರುತ್ತಿದ್ದೇನೆ, ನಿಮ್ಮ ಮಾತು ಕೇಳಲಿಲ್ಲ ಎಂದಳು. ಆ ಮುದುಕಿಯನ್ನು ಕರೆಸಿದಳು. ಮುದುಕಿಗೆ ರಾತ್ರಿ ವಾಂತಿಯಾಗಿತ್ತು. ಈಗ ಹಗುರಾಗಿದ್ದೇನೆ ಎಂದು ಗೋಡೆ ಹಿಡಿದು ಕುಳಿತಳು. ನೀರಿನಿಂದಲೇ ಆಯಿತೋ, ಬೇರೆ ಕಾರಣವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದರಿಂದ ನನ್ನ ಭಾರವೇನೂ ಇಳಿದಿಲ್ಲ. ನಾನು ಅವಳ ಮುಂದೆ ಕೈ ಮುಗಿದೆ. ಅವಳು, "ಇರಲಿ ಬಿಡಪ್ಪಾ, ನಿನಗೇನು ಗೊತ್ತು," ಎಂದಳು. ಬೈದಿದ್ದರೆ ಚಲೋ ಇತ್ತು.

ಅಷ್ಟರಲ್ಲಿ ಜನ ಸೇರಿದರು. ಅಂಗನವಾಡಿಯ ಹೆಂಗಸು ದನಿ ತಗ್ಗಿಸಿ ಕೇಳಿದಳು.

"ಖರೆ ಹೇಳ್ರಿ ಸರ್. ನಿನ್ನಿ ಹಂಗ ಹೇಳು ಅಂತ ಯಾರರ ಹೆದರಿಸಿದ್ರೇನು?"

ಅವಳ ದನಿಯಲ್ಲಿ ಕನಿಕರವಿತ್ತು. ಒಂದು ಬಾಗಿಲು ತೆರೆದು ಕೊಟ್ಟ ಹಾಗಿತ್ತು. ಹೌದು ಎಂದು ತಲೆ ತಗ್ಗಿಸಿದರೆ ಸಾಕು. ದೊಡ್ಡವರ ಬೆದರಿಕೆಗೆ ಅಂಜಿ ಸುಳ್ಳು ಹೇಳಿ, ಮನಸ್ಸು ತಡೆಯದೆ ಮರುದಿನವೇ ಓಡಿ ಬಂದ ಮಾಸ್ತರ ನಾನಾಗುತ್ತಿದ್ದೆ. ಊರು ನನ್ನನ್ನು ಹೊತ್ತು ಮೆರೆಸುತ್ತಿತ್ತು. ಆ ಸುಳ್ಳು ನನಗೆ ಬಹಳ ಚೆಂದ ಕಂಡಿತು. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು, ನನಗೆ ಯಾವ ಸನ್ನೆಯನ್ನೂ ಮಾಡಲಿಲ್ಲ.

"ಯಾರೂ ಹೆದರಿಸಿಲ್ಲ," ಎಂದೆ. "ನನಗ ಹಸರು ಕಾಣಂಗಿಲ್ಲ. ಹುಟ್ಟಿದಾಗಿಂದ. ಅದು ಮಣ್ಣೇ ಅಂತ ತಿಳದಿದ್ದೆ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ನಂಬಲಿಲ್ಲ. ನಿನ್ನೆ ಟ್ಯಾಂಕರಿನ ಮಾತು ಆಡಿದ ಗಂಡಸು ತನ್ನ ಹೆಗಲ ಮೇಲಿನ ಟವೆಲ್ ಎತ್ತಿ ಹಿಡಿದು ಇದು ಯಾವ ಬಣ್ಣ ಎಂದ. ಹಳದಿ ಎಂದೆ. ಸರಿಯಾಗಿತ್ತು. ಹಳದಿ, ನೀಲಿ ನನಗೆ ಕಾಣುತ್ತವೆ ಎಂದು ಹೇಳುವ ಮುಂಚೆಯೇ ಯಾರೋ, ಎಲ್ಲ ಕಾಣತದ ಬಿಡ್ರಿ ಎಂದರು. ಆಮೇಲೆ ಒಬ್ಬಳು ತನ್ನ ಕೈಬಳೆ ತೋರಿಸಿದಳು. ಇನ್ನೊಬ್ಬಳು ಒಳಗಿನಿಂದ ಮೆಣಸಿನಕಾಯಿ ತಂದು, ಇದರಲ್ಲಿ ಹಣ್ಣು ಯಾವುದು, ಕಾಯಿ ಯಾವುದು ಬೇರೆ ಮಾಡಿ ಎಂದಳು. ನಾನು ಅಂಗನವಾಡಿಯ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿ ಆರಿಸಿದೆ. ಮುಟ್ಟಿ, ಮೆತ್ತಗಿದ್ದದ್ದನ್ನು ಹಣ್ಣೆಂದು ಒಂದು ಕಡೆ, ಗಟ್ಟಿಯಿದ್ದದ್ದನ್ನು ಕಾಯಿಯೆಂದು ಇನ್ನೊಂದು ಕಡೆ ಇಟ್ಟೆ. ಅರ್ಧಕ್ಕರ್ಧ ತಪ್ಪು. ಸುತ್ತಲಿನವರು ಮೊದಲು ನಕ್ಕರು. ಒಂದೊಂದು ತಪ್ಪಿದಂತೆ ನಗು ಕಡಿಮೆಯಾಗುತ್ತ ಬಂತು. ರೈಲ್ವೆ ಡಾಕ್ಟರರ ಮುಂದೆ ಒಬ್ಬನೇ ಕುಳಿತಿದ್ದೆ. ಇಲ್ಲಿ ಅರ್ಧ ಊರು, ಪಕ್ಕದಲ್ಲಿ ಹೆಂಡತಿ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಆದರೂ ಎದ್ದು ಹೋಗಲಿಲ್ಲ. ನಾನು ತಪ್ಪಿದಷ್ಟೂ ಅವರು ನನ್ನನ್ನು ನಂಬುತ್ತಿದ್ದರು. ನಂಬಿದರಷ್ಟೇ ಆ ನೀರು ಕುಡಿಯುವುದನ್ನು ಬಿಡುತ್ತಿದ್ದರು.

"ಸಾಕು ಬಿಡ್ರಿ," ಎಂದು ಅಂಗನವಾಡಿಯ ಹೆಂಗಸು ಮೆಣಸಿನಕಾಯಿಗಳನ್ನು ಮೊರಕ್ಕೆ ಬಳಿದುಕೊಂಡಳು. ಆಮೇಲೆ ನನ್ನನ್ನು ಬಿಟ್ಟು ಜನರ ಕಡೆ ತಿರುಗಿ, ಹೊಲದ ಬಾವಿಯವರನ್ನು ಯಾರು ಕೇಳುವುದು, ಟ್ಯಾಂಕರಿಗೆ ಯಾರು ಹೋಗುವುದು ಎಂಬ ಮಾತಿಗೆ ಹತ್ತಿದಳು. ಒಂದಿಬ್ಬರು ಮೋಟಾರ್ ಸೈಕಲ್ ಹತ್ತಿ ಕಕ್ಕೇರಾ ಕಡೆ ಹೊರಟರು. ನಾನು ಅವರ ಕೈಯಲ್ಲಿ ನೀರಿನ ಬಗ್ಗೆ ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಟ್ಟೆ. ಸಂಜೆಯ ಹೊತ್ತಿಗೆ ಟ್ಯಾಂಕರ್ ಬಂತಂತೆ. ಕೆಲವು ದಿನ ಕಳೆದ ಮೇಲೆ ಮಳೆಯ ಕೆಂಪು ನೀರು ಜಲಾಶಯಕ್ಕೆ ಬಂದು ಸೇರಿತು, ಗಾಳಿ ದಿಕ್ಕು ಬದಲಿಸಿತು, ಕೆನೆ ಒಡೆದು ಚೆದುರಿತು. ಮುಂಗಾರು ಅದನ್ನು ಪೂರ್ತಿ ಕೊಚ್ಚಿಕೊಂಡು ಹೋಯಿತು.

ನನ್ನ ಸುದ್ದಿ ಮಾತ್ರ ಚೆದುರಲಿಲ್ಲ. ಅದು ಕಾಲೇಜಿಗೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಸಹೋದ್ಯೋಗಿಗಳು ಚಹಾದ ಹೊತ್ತಿಗೆ ತಮ್ಮ ಅಂಗಿ ತೋರಿಸಿ ಕೇಳುತ್ತಿದ್ದರು. ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ, ಆದರೂ ಚಹಾಕ್ಕೆ ಹೋಗುವುದನ್ನು ಬಿಟ್ಟೆ. ಮಾರ್ಗದರ್ಶಕರಿಗೆ ನಾನೇ ಹೋಗಿ ಹೇಳಿದೆ. ಅವರು, ಹಾಗಾದರೆ ನೀರಿನ ಬಣ್ಣ ಬರೆದದ್ದು ಯಾರ ಕಣ್ಣು ಎಂದು ಕೇಳಿದರು. ಹರಿಗೋಲಿನ ಕಾಕಾರದು ಎಂದೆ. ಹಾಗೆಯೇ ಬರೆಯಿರಿ ಎಂದರು. ಜೀವಂತ ಪಾಚಿ ನೋಡಿ ಬರೆದದ್ದನ್ನೆಲ್ಲ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ನೋಡಬೇಕಾಯಿತು. ಎಣಿಕೆಯಲ್ಲಿ ತಪ್ಪು ಸಿಗಲಿಲ್ಲ. ಪ್ರಬಂಧ ತಡವಾಗಿ ಮುಗಿಯಿತು. ಅದರಲ್ಲಿ ನನ್ನ ಕಣ್ಣಿನ ಬಗ್ಗೆ ಒಂದು ವಾಕ್ಯವಿದೆ. ಯಾರಾದರೂ ಪುಟ ತಿರುವುವಾಗ ಆ ಪುಟ ದಾಟುವವರೆಗೂ ನಾನು ಅವರ ಬೆರಳನ್ನೇ ನೋಡುತ್ತಿರುತ್ತೇನೆ.

ಅವ್ವ ನನ್ನ ಜತೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ರೊಟ್ಟಿ ಹಾಕುತ್ತ, ಯಾರೋ ಬೇರೆಯವರ ಸುದ್ದಿ ಹೇಳುವಂತೆ ತನ್ನ ಅಣ್ಣನ ಮಾತು ತೆಗೆದಳು. ನಾನು ಹುಟ್ಟುವ ಮುಂಚೆಯೇ ತೀರಿಕೊಂಡ ಸೋದರಮಾವ. ಅವನಿಗೂ ಹಿಂಗೇ ಇತ್ತು, ದನ ಮೇಯಿಸಲು ಹೋದಾಗ ಹಸಿರು ಬೆಳೆಗೂ ಒಣ ಹುಲ್ಲಿಗೂ ಫರಕು ತಿಳಿಯದೆ ತಮ್ಮಪ್ಪನಿಂದ ಏಟು ತಿನ್ನುತ್ತಿದ್ದ, ದಡ್ಡ ಎಂದೇ ಊರು ಕರೆಯಿತು, ಹೆಣ್ಣು ಯಾರೂ ಕೊಡಲಿಲ್ಲ ಎಂದಳು. ನಾನು ಶಾಲೆಯಿಂದ ಕಂದು ಎಲೆಯ ಚಿತ್ರ ತಂದ ದಿನವೇ ಅವಳಿಗೆ ಗೊತ್ತಾಗಿತ್ತಂತೆ. ನನ್ನ ಅಪ್ಪನಿಗೆ ಹೇಳಿರಲಿಲ್ಲ.

"ಅದು ನನ್ನ ಕಡಿಂದ ಬಂತೇನು ನಿನಗ?" ಎಂದು ಕೇಳಿದಳು.

ಎಷ್ಟೋ ವರ್ಷ ಹಲಗೆಯ ಮೇಲೆ ನಾನು ಸಲೀಸಾಗಿ ಎಳೆದ ಗೆರೆ ಅದೇ. ಇಲ್ಲ ಎನ್ನಬಹುದಿತ್ತು. ಅವಳು ನನ್ನ ಮುಖ ನೋಡುತ್ತಿದ್ದಳು. ಹೌದವ್ವಾ, ಆದರೆ ಅದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದೆ. ಎರಡನೆಯ ಮಾತು ಅವಳ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಬೇಡ ಎನ್ನಲಿಲ್ಲ. ನನ್ನ ನಾಚಿಕೆ ನನಗೆ ಅಭ್ಯಾಸವಾಗಿಬಿಟ್ಟಿತ್ತು. ಅವಳದನ್ನು ನೋಡುವುದು ಅಭ್ಯಾಸವಾಗಲಿಲ್ಲ.

ಚಳಿಗಾಲದಲ್ಲಿ ಮತ್ತೆ ಆ ಹಳ್ಳಿಗೆ ಹೋದೆ. ಡಯಾಟಮ್‌ಗಳ ಕಾಲ. ಕಾಕಾ ಹರಿಗೋಲು ತಂದು ನಿಲ್ಲಿಸಿದರು. ಇಷ್ಟು ವರ್ಷ ನಾನೇ ಹತ್ತುತ್ತಿದ್ದೆ; ಅವತ್ತು ಅವರು ನೀರಿಗೆ ಇಳಿದು ನನ್ನ ಮುಂಗೈ ಹಿಡಿದರು. ಅವರ ತಿಳುವಳಿಕೆಯಲ್ಲಿ ನನಗೆ ಕಣ್ಣೇ ಕಾಣುವುದಿಲ್ಲ.

"ಇಲ್ಲಿ ಕಲ್ಲದ ಸರ್, ಕಾಲು ನೋಡಿ ಇಡ್ರಿ. ಹಾಂ, ಈಗ ಹತ್ರಿ," ಎಂದರು.

ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಕಲ್ಲು ಕಾಣುತ್ತದೆ ಕಾಕಾ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಮುಖ ಕಾವೇರುತ್ತಿದ್ದರೂ ಕೈ ಬಿಡಿಸಿಕೊಳ್ಳದೆ, ಅವರು ಹೇಳಿದ ಕಡೆಯೇ ಕಾಲಿಟ್ಟು ಹತ್ತಿ ಕುಳಿತೆ. ಅವರು ಹುಟ್ಟು ಹಾಕುತ್ತ, ಕೇಳದಿದ್ದರೂ ನೀರಿನ ಬಣ್ಣ, ದಡದ ಗಿಡದ ಬಣ್ಣ, ಮೇಲೆ ಹಾರಿದ ಹಕ್ಕಿಯ ಬಣ್ಣ ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತ ಹೋದರು. ನಾನು ಬಾಟಲಿಯ ಮುಚ್ಚಳ ತೆಗೆದೆ.